ಹಲ್ಲುಕಚ್ಚಿ ಸಹಿಸಬೇಡಿ

ಬೊರಿವಲಿಯಿಂದ ಚರ್ಚ್‌ಗೇಟಿಗೆ ದಿನವೂ ಲೋಕಲ್‌ನಲ್ಲಿ ಜೋತಾಡುವ ನಿಮ್ಮ ಹೆಗಲು ಕಲ್ಲಾದರೆ ಅಚ್ಚರಿಯಿಲ್ಲ. ಅದಕ್ಕೆಂದು ದುಡ್ಡು ತೆತ್ತು ಮಾಡಿಸಿಕೊಳ್ಳುವ ‘ಡೀಪ್ ಟಿಶ್ಯೂ ಮಸಾಜ್’ ದೀಪಾವಳಿಗೆ ಊರಿನ ಅಜ್ಜಿ ಹಚ್ಚುವ ಎಣ್ಣೆಯಷ್ಟು ಮೃದುವಲ್ಲ. ಬೆರಳ ಗೆಣ್ಣು, ಮುಂಗೈ, ಮೊಣಕೈಗಳಿಂದ ಸ್ನಾಯುವಿನ ಒಳಪದರವನ್ನು ನಿಧಾನವಾಗಿ ಒತ್ತುತ್ತಾರೆ. ತುಸು ನೋಯುತ್ತದೆ. ಉಸಿರು ಬಿಗಿಹಿಡಿಯುವಷ್ಟು ನೋವಾದರೆ ಸಂಕೋಚಪಡದೆ ‘ಹಗುರ ಮಾಡಿ’ ಎನ್ನಿ. ಸಹಿಸಿಕೊಂಡಷ್ಟೂ ಸ್ನಾಯು ಬಿಗಿಯುತ್ತದೆ. ಆಮೇಲೆ ಒಂದೆರಡು ದಿನ ಮೈಕೈ ನೋವು ಸಹಜ. (‘ಮೈಯ ವಿಷ ಹೊರಹೋಗುತ್ತದೆ’ ಎಂಬುದೆಲ್ಲ ವ್ಯಾಪಾರದ ಮಾತು!) ರಕ್ತ ತೆಳುಗೊಳಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಮೊದಲೇ ಡಾಕ್ಟರರನ್ನು ಕೇಳಬೇಕು. ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಒತ್ತಿಸಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ಅದು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಸಂಚಕಾರ. ಅಂದೇ ಆಸ್ಪತ್ರೆಗೆ ಹೋಗಿ.