ಗಾಳಿಗೆ ಹಾಕಿದ ದುಡ್ಡು

ಮೊನ್ನೆ ಭಾನುವಾರ ಅಕ್ಕನ ಮಗ ಫೋನ್ ಮಾಡಿದ್ದ. ಅವನು ನನಗೆ ಫೋನ್ ಮಾಡೋದು ಒಂದೋ ಹಬ್ಬಕ್ಕೆ, ಇಲ್ಲಾ ಏನಾದ್ರೂ ಕೆಟ್ಟಾಗ. ಈ ಸಲ ವಿಷಯ ಬೇರೆ.

"ಮಾವ, ನೀವು ಕೋಪನ್‌ಹೇಗನ್‌ನಲ್ಲಿ ಇದ್ರಲ್ಲ, ಅಲ್ಲಿನ ಓರ್‌ಸ್ಟೆಡ್ ಕಂಪನಿ ಶೇರು ತಗೊಳ್ಳೋಣ ಅಂತಿದೀನಿ. ಸಿಕ್ಕಾಪಟ್ಟೆ ಬಿದ್ದಿದೆ. ಪರಿಸರಕ್ಕೂ ಒಳ್ಳೇದು ಅಲ್ವಾ?"

ಎಷ್ಟು ಹಾಕ್ತೀಯೋ ಅಂದೆ. ಆರು ಲಕ್ಷ ಅಂದ. ಮೂರು ವರ್ಷ ಬೆಂಗಳೂರಿನ ಪೀಜಿಯಲ್ಲಿ ಕೂತು, ಸೈಟಿಗೆ ಅಡ್ವಾನ್ಸ್ ಕೊಡೋಕೆ ಅಂತ ಉಳಿಸಿದ ದುಡ್ಡು ಅದು. ನನಗೆ ಅಲ್ಲೇ ಹೊಟ್ಟೆಯಲ್ಲಿ ತಳಮಳ ಶುರುವಾಯ್ತು. ಫೋನಿನಲ್ಲಿ ಹೇಳಿದ್ದು ಅರ್ಧ, ಹೇಳದೆ ಉಳಿದದ್ದು ಅರ್ಧ. ಎರಡೂ ಸೇರಿಸಿ ಇಲ್ಲಿ ಬರೀತಿದ್ದೀನಿ.

ಮೊದಲು ಕಂಪನಿ ಬಗ್ಗೆ. ಪಿಯುಸಿಯಲ್ಲಿ ಓದಿದ್ದೇವಲ್ಲ, ತಂತಿಯಲ್ಲಿ ವಿದ್ಯುತ್ ಹರಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಅಲುಗಿತು ಅಂತ? 1820ರಲ್ಲಿ ಅದನ್ನು ಕಂಡ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಹೆಸರೇ ಇದು. ಆದರೆ ಹೆಸರು ಹೊಸದು, 2017ರದ್ದು. ಅದಕ್ಕೆ ಮುಂಚೆ ಇದು ಡಾಂಗ್ ಎನರ್ಜಿ. ಡಾಂಗ್ ಅಂದರೆ ಡ್ಯಾನಿಶ್ ಭಾಷೆಯಲ್ಲಿ ಡೆನ್ಮಾರ್ಕಿನ ತೈಲ ಮತ್ತು ನೈಸರ್ಗಿಕ ಅನಿಲ! ಕಲ್ಲಿದ್ದಲು ಸುಡುತ್ತಿದ್ದ, ಸಮುದ್ರದಿಂದ ಎಣ್ಣೆ ತೆಗೆಯುತ್ತಿದ್ದ ಸರ್ಕಾರಿ ಕಂಪನಿ, ಅದೇ ವರ್ಷ ಎಣ್ಣೆ ವ್ಯವಹಾರ ಮಾರಿ, ಕಡಲ ಗಾಳಿಯನ್ನೇ ನೆಚ್ಚಿಕೊಂಡು ಹೆಸರೂ ಬದಲಾಯಿಸಿಕೊಂಡಿತು. ಇದು ಬರೀ ಬಣ್ಣ ಬಳಿದುಕೊಂಡದ್ದಲ್ಲ, ನಿಜಕ್ಕೂ ಬದಲಾಯಿತು. ಆ ಮೆಚ್ಚುಗೆ ನನಗಿದೆ. ಪ್ರಪಂಚದ ಮೊದಲ ಕಡಲ ಗಾಳಿ ವಿದ್ಯುತ್ ಘಟಕ ವಿಂಡೆಬಿಯಲ್ಲಿ 1991ರಲ್ಲಿ ನಿಂತದ್ದೂ ಆ ದೇಶದಲ್ಲೇ. ಹನ್ನೊಂದೇ ಹನ್ನೊಂದು ಗಾಳಿಯಂತ್ರ.

ಈಗಲೂ ಕಂಪನಿಯ ಅರ್ಧಕ್ಕಿಂತ ಚೂರು ಹೆಚ್ಚು ಪಾಲು ಡೆನ್ಮಾರ್ಕ್ ಸರ್ಕಾರದ್ದು. 2014ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್‌ಗೆ ಒಂದು ಪಾಲು ಮಾರಲು ಹೊರಟಾಗ ಎಷ್ಟು ಗಲಾಟೆ ಆಯ್ತು ಅಂದರೆ ಒಂದು ಪಕ್ಷ ಸರ್ಕಾರದಿಂದಲೇ ಹೊರಗೆ ನಡೆಯಿತು. ನಮ್ಮಲ್ಲಿ ಕರೆಂಟು ಹೋದಾಗ ಮಾತ್ರ ವಿದ್ಯುತ್ ಕಂಪನಿ ನೆನಪಾಗುತ್ತೆ :)

ಈಗ ಶೇರಿನ ಕಥೆ. 2016ರ ಜೂನ್‌ನಲ್ಲಿ 235 ಕ್ರೋನಕ್ಕೆ ಮಾರುಕಟ್ಟೆಗೆ ಬಂತು. 2021ರ ಜನವರಿ ಹೊತ್ತಿಗೆ 1,300ರ ಆಸುಪಾಸು. ಬಡ್ಡಿ ಸೊನ್ನೆಯ ಹತ್ತಿರ ಇದ್ದ ಕಾಲ, 'ಹಸಿರು' ಅಂತ ಹೆಸರಿದ್ದದ್ದೆಲ್ಲ ಏರುತ್ತಿದ್ದ ಕಾಲ. ಆಮೇಲೆ ಇಳಿಯಲು ಶುರು.

ಇಳಿದದ್ದು ಯಾಕೆ ಅನ್ನೋದೇ ನನ್ನ ಅಳಿಯ ಗಮನಿಸದ ವಿಷಯ. ಗಾಳಿ ನಿಂತುಹೋಗಲಿಲ್ಲ, ಯಂತ್ರಗಳೂ ಕೆಟ್ಟು ಕೂರಲಿಲ್ಲ. ಕಲ್ಲಿದ್ದಲ ಸ್ಥಾವರಕ್ಕೆ ಖರ್ಚು ವರ್ಷ ವರ್ಷಕ್ಕೂ ಬರುತ್ತೆ, ಕಲ್ಲಿದ್ದಲು ಕೊಳ್ಳುತ್ತಲೇ ಇರಬೇಕು. ಗಾಳಿಗೆ ಕೊಡೋದು ಏನೂ ಇಲ್ಲ, ಅದರ ಬದಲು ಕಂಬ, ರೆಕ್ಕೆ, ಕೇಬಲ್, ಹಡಗು ಅಂತ ಖರ್ಚೆಲ್ಲ ಮೊದಲೇ. ಅಷ್ಟನ್ನೂ ಸಾಲ ತಂದು ಮಾಡಬೇಕು. ವಿದ್ಯುತ್ತಿನ ಬೆಲೆಯನ್ನೋ, ಕಟ್ಟುವ ಎಷ್ಟೋ ವರ್ಷ ಮುಂಚೆ ಒಪ್ಪಂದದಲ್ಲಿ ಬರೆದುಕೊಟ್ಟಾಗಿರುತ್ತೆ. ಮಧ್ಯದಲ್ಲಿ ಬಡ್ಡಿ ಏರಿತು, ಉಕ್ಕು ದುಬಾರಿಯಾಯ್ತು ಅಂದರೆ ಲಾಭ ಅಲ್ಲೇ ಹೋಯ್ತು. ಆಗಿದ್ದೂ ಅದೇ. 2023ರ ನವೆಂಬರ್ ಶುರುವಿನಲ್ಲಿ ಅಮೆರಿಕದ ನ್ಯೂಜೆರ್ಸಿ ಕರಾವಳಿಯ ಎರಡು ಯೋಜನೆಗಳನ್ನು ಕೈಬಿಟ್ಟು, ಒಟ್ಟು 2,840 ಕೋಟಿ ಕ್ರೋನದಷ್ಟು ಆಸ್ತಿಯ ಬೆಲೆ ಇಳಿಸಿ ಲೆಕ್ಕ ಬರೆದುಕೊಂಡರು. ಒಂದೇ ದಿನಕ್ಕೆ ಶೇರಿನ ಕಾಲು ಭಾಗ ಮಾಯ. ಮುಂದೆ ಡಿವಿಡೆಂಡೂ ನಿಲ್ಲಿಸಿದರು.

2025ರ ಆಗಸ್ಟ್ 11ಕ್ಕೆ ಇನ್ನೊಂದು ಪೆಟ್ಟು. 6,000 ಕೋಟಿ ಕ್ರೋನ ಹೊಸ ಬಂಡವಾಳ ಬೇಕು, ಹೊಸ ಶೇರು ಹೊರಡಿಸ್ತೀವಿ ಅಂದರು. ಶೇರು ಆ ದಿನ ಹತ್ತಿರ ಹತ್ತಿರ ಮೂರರಲ್ಲೊಂದು ಭಾಗ ಕುಸಿಯಿತು. ಹನ್ನೊಂದು ದಿನದ ನಂತರ, ರೋಡ್ ಐಲೆಂಡ್ ಹತ್ತಿರ ಶೇಕಡಾ 80ರಷ್ಟು ಮುಗಿದಿದ್ದ ರೆವಲ್ಯೂಶನ್ ವಿಂಡ್ ಯೋಜನೆಗೆ ಅಮೆರಿಕ ಸರ್ಕಾರ ಕೆಲಸ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. 65 ಯಂತ್ರಗಳಲ್ಲಿ 45 ಆಗಲೇ ಸಮುದ್ರದಲ್ಲಿ ನಿಂತಿದ್ದವು! ಸೆಪ್ಟೆಂಬರ್‌ನಲ್ಲಿ ಕೋರ್ಟು ತಡೆ ತೆರವು ಮಾಡಿತು. ಡಿಸೆಂಬರ್‌ನಲ್ಲಿ ಸರ್ಕಾರದ ಇನ್ನೊಂದು ತಡೆ, 2026ರ ಜನವರಿಯಲ್ಲಿ ಮತ್ತೆ ಕೋರ್ಟಿನ ಪರಿಹಾರ. ನಡುಗಡಲಲ್ಲಿ ಕಂಬ ನೆಟ್ಟವನು ವಾಷಿಂಗ್‌ಟನ್ನಿನ ಮೂಡ್ ನೋಡಿಕೊಂಡು ಕೂರಬೇಕು.

ಆ ಹೊಸ ಶೇರಿನ ಲೆಕ್ಕ ನೋಡಿ. ಹಳೆಯ 7 ಶೇರಿಗೆ ಹೊಸ 15, ತಲಾ 66.60 ಕ್ರೋನ. ಅಂದರೆ ಏಳು ಶೇರು ಇಟ್ಟುಕೊಂಡು ಸುಮ್ಮನೆ ಕೂತಿದ್ದವನು ತನ್ನ ಪಾಲು ತೆಳ್ಳಗಾಗದಂತೆ ಉಳಿಸಿಕೊಳ್ಳಲು ಇನ್ನೂ 999 ಕ್ರೋನ ಹಾಕಬೇಕು. ಇಲ್ಲಾ ಆ ಹಕ್ಕನ್ನು ಸುಮಾರು ಎರಡು ವಾರದೊಳಗೆ ಮಾರಬೇಕು. ಎರಡೂ ಮಾಡದಿದ್ದರೆ ಹಕ್ಕು ಬರೀ ಕಾಗದ. ಬೆಂಗಳೂರಲ್ಲಿ ಕೂತು, ಆಫೀಸಿನ ರಿಲೀಸ್ ಮಧ್ಯೆ, ಈ ಪತ್ರ ಬಂದದ್ದೇ ನಮ್ಮ ಹುಡುಗನಿಗೆ ಗೊತ್ತಾಗುತ್ತಾ? ನನಗಂತೂ ಅನುಮಾನ.

ಕೊಳ್ಳೋದೂ ಅಷ್ಟು ಸಲೀಸಲ್ಲ. ರಿಸರ್ವ್ ಬ್ಯಾಂಕ್ ನಿಯಮದಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ಅದು ಸರಿ. 2025ರ ಏಪ್ರಿಲ್‌ನಿಂದ 10 ಲಕ್ಷ ರೂಪಾಯಿ ದಾಟಿದ ಮೊತ್ತದ ಮೇಲೆ ಮಾತ್ರ ಮುಂಗಡ ತೆರಿಗೆ ಹಿಡಿಯೋದು, ಆರು ಲಕ್ಷಕ್ಕೆ ಆ ತಲೆನೋವಿಲ್ಲ. ಆದರೆ ನಮ್ಮ ಹುಡುಗರ ಮೊಬೈಲಿನಲ್ಲಿರೋ ಆ್ಯಪುಗಳು ಸಾಮಾನ್ಯವಾಗಿ ನ್ಯೂಯಾರ್ಕ್ ಮಾರುಕಟ್ಟೆಯ ಶೇರು ಕೊಡಿಸುವಂಥವು. ಇದು ಇರೋದು ಕೋಪನ್‌ಹೇಗನ್‌ನಲ್ಲಿ. ಅಲ್ಲಿಗೆ ಕೈ ಚಾಚೋ ಬ್ರೋಕರನ್ನು ಹುಡುಕಬೇಕು, ರೂಪಾಯಿ ಬದಲಾಯಿಸುವಾಗ ಬ್ಯಾಂಕಿಗೆ ಒಂದಿಷ್ಟು ಕಳ್ಕೋಬೇಕು. ಆಮೇಲೆ ಪ್ರತಿ ವರ್ಷ ಐಟಿ ರಿಟರ್ನಿನಲ್ಲಿ ವಿದೇಶಿ ಆಸ್ತಿಯ ಪಟ್ಟಿ ತುಂಬಬೇಕು, ಒಂದೇ ಶೇರಿದ್ದರೂ. ಅದೂ ಏಪ್ರಿಲ್-ಮಾರ್ಚ್ ಅಲ್ಲ, ಜನವರಿ-ಡಿಸೆಂಬರ್ ಲೆಕ್ಕ!

ಇಷ್ಟೆಲ್ಲ ಕೇಳಿ ಅವನು, "ಆದ್ರೂ ಮಾವ, ಒಳ್ಳೇ ಕೆಲಸಕ್ಕೆ ದುಡ್ಡು ಹೋಗುತ್ತಲ್ಲ" ಅಂದ.

ಇಲ್ಲೇ ನನಗೆ ನಿಜವಾದ ತಕರಾರು. ಹೋಗೋದಿಲ್ಲ! ನೀನು ಮಾರುಕಟ್ಟೆಯಲ್ಲಿ ಶೇರು ಕೊಂಡರೆ ದುಡ್ಡು ಹೋಗೋದು ಅದನ್ನು ಮಾರಿದವನಿಗೆ. ಅವನು ಆ ದುಡ್ಡಲ್ಲಿ ಎಣ್ಣೆ ಕಂಪನಿ ಶೇರನ್ನೇ ಕೊಳ್ಳಬಹುದು. ಕಂಪನಿಗೆ ಹೋದದ್ದು 2025ರಲ್ಲಿ ಹೊಸ ಶೇರಿಗೆ ಕೊಟ್ಟ ದುಡ್ಡು. ಶೇರಿನ ಬೆಲೆ ಚೆನ್ನಾಗಿದ್ದರೆ ಮುಂದೆ ಕಂಪನಿಗೆ ಬಂಡವಾಳ ಸುಲಭವಾಗಿ ಸಿಗುತ್ತೆ ಅನ್ನೋ ವಾದ ಇದೆ, ಸುಳ್ಳಲ್ಲ. ಆದರೆ ಆರು ಲಕ್ಷ ರೂಪಾಯಿ ಅಲ್ಲಿ ಸಮುದ್ರಕ್ಕೆ ಒಂದು ಚೊಂಬು ನೀರು.

ಕೋಪನ್‌ಹೇಗನ್‌ನಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ಸಮುದ್ರದಲ್ಲಿ ಬಿಲ್ಲಿನ ಹಾಗೆ ಬಾಗಿದ ಸಾಲಿನಲ್ಲಿ ಇಪ್ಪತ್ತು ಗಾಳಿಯಂತ್ರ ಕಾಣುತ್ತವೆ. ಮಿಡಲ್‌ಗ್ರುಂಡೆನ್ ಅಂತ, 2000ದಲ್ಲಿ ಕಟ್ಟಿದ್ದು. ಅದರಲ್ಲಿ ಹತ್ತು ಊರಿನ ವಿದ್ಯುತ್ ಕಂಪನಿಯದ್ದು, ಇನ್ನು ಹತ್ತು ಜನಗಳದ್ದೇ ಸಹಕಾರ ಸಂಘದ್ದು. ಒಟ್ಟು 40,500 ಪಾಲು, ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರು. ಒಂದು ಪಾಲಿಗೆ 4,250 ಕ್ರೋನ, ಒಂದು ಪಾಲು ಅಂದರೆ ವರ್ಷಕ್ಕೆ 1,000 ಯೂನಿಟ್ ವಿದ್ಯುತ್ ಅನ್ನೋ ಲೆಕ್ಕ. ಸಂಘ ಸಾಲ ಮಾಡುವ ಹಾಗಿಲ್ಲ. ಆ ದುಡ್ಡಿಂದಲೇ ಕಂಬ ಎದ್ದಿತು, ಕಡಲ ದಂಡೆಗೆ ಹೋದರೆ ನಮ್ಮ ಯಂತ್ರ ತಿರುಗ್ತಿದೆಯಾ ಅಂತ ಕಣ್ಣಲ್ಲೇ ನೋಡಬಹುದು. ನಾನು ಆ ದಂಡೆಯಲ್ಲಿ ಎಷ್ಟೋ ಸಂಜೆ ನಿಂತು ನೋಡಿದ್ದೀನಿ. ಹೊಟ್ಟೆಕಿಚ್ಚು ಪಟ್ಟಿದ್ದೀನಿ ಅಂದರೂ ಸರಿ.

ಅಂಥದ್ದು ನಮ್ಮಲ್ಲಿ ಇದ್ದಿದ್ದರೆ! ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ಪಾರ್ಕ್ ಇದೆ, 2,050 ಮೆಗಾವ್ಯಾಟ್. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾಗಿ ಗುತ್ತಿಗೆಗೆ ಕೊಟ್ಟರು. ಮಾರಿಸಿಕೊಳ್ಳೋದಕ್ಕಿಂತ ಎಷ್ಟೋ ವಾಸಿ. ಆದರೆ ಫಿನ್‌ಲೆಂಡಿನ ಫೋರ್ಟಮ್ ಕಂಪನಿ ಅಲ್ಲೂ ಪ್ಯಾನೆಲ್ ಹಾಕಿತ್ತು. ಹಾಗಾಗಿ ಹೆಲ್ಸಿಂಕಿಯಲ್ಲಿ ಶೇರು ಕೊಂಡವನು ಪಾವಗಡದ ಬಿಸಿಲಿಗೆ ಪಾಲುದಾರನಾಗಿದ್ದ, ಆ ನೆಲದ ಒಡೆಯ ಬಾಡಿಗೆ ಮಾತ್ರ ಪಡೆಯುತ್ತಿದ್ದ. ಇದು ನನಗೆ ಸರಿ ಅನ್ನಿಸೋದಿಲ್ಲ.

ಹಾಗಂತ ಓರ್‌ಸ್ಟೆಡ್ ಶೇರು ಕೊಳ್ಳಲೇಬಾರದು ಅಂತ ನಾನು ಹೇಳ್ತಿಲ್ಲ. ಸಾಲ ಹೊತ್ತ, ಸರ್ಕಾರಗಳನ್ನು ನಂಬಿ ಬದುಕುವ, ಕೆಲಸ ಗೊತ್ತಿರುವ ಒಂದು ಕಟ್ಟಡ ಕಂಪನಿ ಅಂತ ನೋಡಿ ಕೊಂಡರೆ ಏಳಲೂಬಹುದು. ಆದರೆ ಪುಣ್ಯ ಬರುತ್ತೆ ಅಂತ ಕೊಳ್ಳಬೇಡ, ಸೈಟಿನ ದುಡ್ಡಲ್ಲಂತೂ ಬೇಡವೇ ಬೇಡ ಅಂದೆ. ಅಷ್ಟು ಆಸೆ ಇದ್ದರೆ ಶಿವಮೊಗ್ಗದ ನಿಮ್ಮನೆ ತಾರಸಿ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸು, ಕೇಂದ್ರದ ಸಬ್ಸಿಡಿಯೇ 78,000 ಬರುತ್ತೆ ಅಂತಲೂ ಸೇರಿಸಿದೆ.

ಫೋನು ಸ್ಪೀಕರಿನಲ್ಲಿತ್ತು ಅಂತ ಕಾಣುತ್ತೆ. ಹಿಂದಿನಿಂದ ಅಕ್ಕನ ದನಿ ಬಂತು: "ಅಯ್ಯೋ ಸುಮ್ನಿರೋ, ಗೃಹಜ್ಯೋತಿ ಬಂದಾಗಿಂದ ನಮಗೆ ಬಿಲ್ಲೇ ಬರ್ತಿಲ್ಲ. ಸೋಲಾರ್ ತಗೊಂಡು ಏನ್ ಮಾಡ್ಲಿ?"