ಕುಜ ದೋಷ ನ್ಯಾಯಾಲಯದ ಮೆಟ್ಟಿಲೇರಿದಾಗ

ಬೆಂಗಳೂರು: ಜಾತಕ ಕೂಡಿಬರಲಿಲ್ಲವೆಂದು ಸಂಬಂಧ ಮುರಿದುಬೀಳುವುದು ನಮ್ಮ ಮನೆಗಳಲ್ಲಿ ಹೊಸ ಸಂಗತಿಯೇನಲ್ಲ. ಆದರೆ ಅತ್ಯಾಚಾರದ ಆರೋಪಿಗೆ ಜಾಮೀನು ನೀಡಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವ ಹಾದಿಯಲ್ಲಿ ದೂರುದಾರ ಮಹಿಳೆಯ ಜಾತಕವನ್ನೇ ತರಿಸಿ ನೋಡಲು ಉಚ್ಚ ನ್ಯಾಯಾಲಯವೊಂದು ಮುಂದಾದದ್ದು ಅಪರೂಪ. ಅದು ನಡೆದದ್ದು 2023ರಲ್ಲಿ. ಆಗ ಎದ್ದ ಪ್ರಶ್ನೆ ಮಾತ್ರ ಇನ್ನೂ ಹಳತಾಗಿಲ್ಲ.

ಮದುವೆಯಾಗುವುದಾಗಿ ನಂಬಿಸಿ ದೈಹಿಕ ಸಂಪರ್ಕ ಬೆಳೆಸಿದ ಆರೋಪ ಹೊತ್ತ ವ್ಯಕ್ತಿಯ ಜಾಮೀನು ಅರ್ಜಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠದ ಮುಂದಿತ್ತು. ಮಹಿಳೆ ‘ಮಾಂಗಲಿಕ್’, ಅಂದರೆ ನಮ್ಮ ಮಾತಿನಲ್ಲಿ ಕುಜ ದೋಷ ಉಳ್ಳವಳು, ಆದ್ದರಿಂದ ವಿವಾಹ ಸಾಧ್ಯವಿಲ್ಲ ಎಂದು ಆರೋಪಿಯ ಪರ ವಕೀಲರು ವಾದಿಸಿದರು. ದೋಷವಿಲ್ಲ ಎಂದಿತು ಮಹಿಳೆಯ ಪಕ್ಷ. ಮೇ 23ರಂದು ಪೀಠವು, ಇಬ್ಬರೂ ಹತ್ತು ದಿನಗಳೊಳಗೆ ಜಾತಕಗಳನ್ನು ಲಖನೌ ವಿಶ್ವವಿದ್ಯಾಲಯದ ಜ್ಯೋತಿಷ ವಿಭಾಗದ ಮುಖ್ಯಸ್ಥರಿಗೆ ಒಪ್ಪಿಸಬೇಕು, ಅವರು ಮೂರು ವಾರಗಳಲ್ಲಿ ವರದಿ ನೀಡಬೇಕು ಎಂದು ಆದೇಶಿಸಿತು. ಜೂನ್ 3ರಂದು, ರಜಾಕಾಲದ ಶನಿವಾರವಾಗಿದ್ದರೂ, ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡು ಆದೇಶಕ್ಕೆ ತಡೆ ನೀಡಿತು. ಜಾಮೀನು ಅರ್ಜಿಯನ್ನು ಅದರ ಗುಣಾವಗುಣಗಳ ಮೇಲೆಯೇ ನಿರ್ಧರಿಸುವಂತೆ ತಿಳಿಸಿತು.

ಜ್ಯೋತಿಷ ಶಾಸ್ತ್ರವೇ ಅಲ್ಲವೇ ಎಂಬ ಚರ್ಚೆಗೆ ನ್ಯಾಯಮೂರ್ತಿಗಳು ಇಳಿಯಲಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಅದನ್ನು ಬೋಧಿಸಬಹುದೆಂದು ಅದೇ ನ್ಯಾಯಾಲಯ 2004ರಲ್ಲೇ ಒಪ್ಪಿಯಾಗಿತ್ತು. ಅವರ ಆಕ್ಷೇಪವಿದ್ದದ್ದು ಆ ವಿದ್ಯೆಗೂ ಮುಂದಿದ್ದ ಮೊಕದ್ದಮೆಗೂ ಏನು ಸಂಬಂಧ ಎಂಬ ಬಗ್ಗೆ.

ಹಾಗಿದ್ದರೂ, ಆ ವರದಿ ಬಂದಿದ್ದರೆ ಅದು ಏನನ್ನು ಹೇಳಬಹುದಿತ್ತು ಎಂದು ಕೇಳಿಕೊಳ್ಳುವುದು ಉಚಿತ. ಜ್ಯೋತಿಷದ ಲೆಕ್ಕದಲ್ಲಿ ಕುಜನಿಗೆ ತಾನಿರುವ ಮನೆಯಿಂದ ನಾಲ್ಕು, ಏಳು ಮತ್ತು ಎಂಟನೆಯ ಮನೆಗಳ ಮೇಲೆ ದೃಷ್ಟಿ. ಏಳನೆಯದು ಕಳತ್ರ ಸ್ಥಾನ, ಎಂಟನೆಯದು ಮಾಂಗಲ್ಯ ಸ್ಥಾನ. ಕುಜನು ನಾಲ್ಕರಲ್ಲಿ ಅಥವಾ ಹನ್ನೆರಡರಲ್ಲಿ ಕುಳಿತರೆ ಅವನ ದೃಷ್ಟಿ ಏಳನೆಯ ಮನೆಗೆ ತಾಗುತ್ತದೆ, ಎರಡರಲ್ಲಿದ್ದರೆ ಎಂಟಕ್ಕೆ. ದೋಷದ ಕಲ್ಪನೆಯ ಬೇರು ಇಲ್ಲಿದೆ. ದಕ್ಷಿಣದಲ್ಲಿ ಸಾಮಾನ್ಯವಾಗಿ 2, 4, 7, 8, 12ನೆಯ ಮನೆಗಳನ್ನು ಎಣಿಸುತ್ತಾರೆ. ಉತ್ತರದಲ್ಲಿ ಎರಡನೆಯದನ್ನು ಬಿಟ್ಟು ಲಗ್ನವನ್ನು ಸೇರಿಸುವ ರೂಢಿಯುಂಟು. ಅಂದರೆ, ಎರಡನೆಯ ಮನೆಯಲ್ಲಿ ಕುಜನಿರುವ ಹುಡುಗಿ ಬೆಂಗಳೂರಿನಲ್ಲಿ ದೋಷವುಳ್ಳವಳು, ಲಖನೌದಲ್ಲಿ ನಿರ್ದೋಷಿ!

ಇಷ್ಟಕ್ಕೇ ಮುಗಿಯಲಿಲ್ಲ. ಹನ್ನೆರಡರಲ್ಲಿ ಐದು ಮನೆಗಳೆಂದರೆ, ಸರಳ ಲೆಕ್ಕದಲ್ಲಿ ನೂರಕ್ಕೆ ಸುಮಾರು 42 ಮಂದಿಗೆ ದೋಷವಿರಬೇಕು. ಲಗ್ನದಿಂದ ಮಾತ್ರವಲ್ಲದೆ ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆನ್ನುವವರ ಮಾತು ಹಿಡಿದರೆ ಈ ಸಂಖ್ಯೆ 80ರ ಆಸುಪಾಸಿಗೆ ಏರುತ್ತದೆ. ಇಷ್ಟು ಜನರಿಗೆ ಮದುವೆಯೇ ಆಗದಂತಾದೀತೆಂಬ ಅರಿವು ಸಂಪ್ರದಾಯಕ್ಕೂ ಇದ್ದಿರಬೇಕು. ಆದ್ದರಿಂದಲೇ ಪರಿಹಾರಗಳ ಪಟ್ಟಿಯೂ ದೀರ್ಘವಾಗಿದೆ: ಕುಜ ಸ್ವಕ್ಷೇತ್ರವಾದ ಮೇಷ, ವೃಶ್ಚಿಕಗಳಲ್ಲಿ ಅಥವಾ ಉಚ್ಚನಾಗಿ ಮಕರದಲ್ಲಿದ್ದರೆ ದೋಷವಿಲ್ಲ, ಗುರುವಿನ ದೃಷ್ಟಿ ಇದ್ದರೆ ದೋಷ ಶಮನ, ವಧೂವರರಿಬ್ಬರಿಗೂ ಇದ್ದರೆ ಪರಸ್ಪರ ನಿವಾರಣೆ. ಅದೂ ಅಲ್ಲದಿದ್ದರೆ ಕುಂಭ ವಿವಾಹ, ಕದಳಿ ವಿವಾಹ. ಲಗ್ನವು ಸರಾಸರಿ ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಹೆರಿಗೆ ಮನೆಯ ಗಡಿಯಾರದ ಮೇಲೂ ಬಹಳಷ್ಟು ನಿಂತಿದೆ. ಅಯನಾಂಶದ ಬಗ್ಗೆಯೂ ಒಮ್ಮತವಿಲ್ಲ. ಬೆಂಗಳೂರಿನ ಬಿ.ವಿ. ರಾಮನ್ ಅವರು ಬಳಸಿದ ಅಯನಾಂಶಕ್ಕೂ ಪ್ರಚಲಿತ ಲಾಹಿರಿ ಅಯನಾಂಶಕ್ಕೂ ಸುಮಾರು ಒಂದೂವರೆ ಡಿಗ್ರಿ ವ್ಯತ್ಯಾಸವಿದೆ. ರಾಶಿಯ ಅಂಚಿನಲ್ಲಿ ಹುಟ್ಟಿದವರಿಗೆ ಇಷ್ಟು ಸಾಕು, ಮನೆಯೇ ಬದಲಾದೀತು.

ಇಂತಹ ವಿದ್ಯೆಯಿಂದ ‘ಹೌದು’ ಅಥವಾ ‘ಇಲ್ಲ’ ಎಂಬ ಒಂದೇ ಉತ್ತರವನ್ನು ಅಪೇಕ್ಷಿಸುವುದು ಸ್ವತಃ ಜ್ಯೋತಿಷಿಗಳಿಗೂ ನ್ಯಾಯವಲ್ಲ. ಮಹಿಳೆಯ ಸ್ಥಿತಿಯನ್ನಂತೂ ಹೇಳುವುದೇ ಬೇಡ. ಅತ್ಯಾಚಾರದ ದೂರು ಕೊಟ್ಟವಳು ತನ್ನ ಗ್ರಹಗತಿಯ ಪರೀಕ್ಷೆಗೂ ಒಳಗಾಗಿ, ಕೊನೆಗೆ ನ್ಯಾಯಾಲಯದ ಕಡತದಲ್ಲೇ ದೋಷದ ಮುದ್ರೆ ಒತ್ತಿಸಿಕೊಳ್ಳಬೇಕಿತ್ತು.

ಕಾನೂನಿನ ದೃಷ್ಟಿಯಲ್ಲಿ ಪ್ರಶ್ನೆ ಬೇರೆಯೇ. ಕೊಟ್ಟ ಮಾತನ್ನು ಮುಂದೆ ನಡೆಸಲಾಗದೆ ಹೋಗುವುದು ಒಂದು. ನಡೆಸುವ ಉದ್ದೇಶವೇ ಇಲ್ಲದೆ ಮಾತು ಕೊಡುವುದು ಇನ್ನೊಂದು. ಎರಡನೆಯದು ಮಾತ್ರ ಅಪರಾಧವೆಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 2003ರಲ್ಲಿ ಆರೋಪಿ ಬಿಡುಗಡೆಯಾದದ್ದಕ್ಕೆ ಒಂದು ಕಾರಣ, ಜಾತಿ ಭೇದದಿಂದ ಮದುವೆಗೆ ಅಡ್ಡಿ ಬರಬಹುದೆಂಬುದು ಹುಡುಗಿಗೂ ತಿಳಿದಿತ್ತೆಂಬುದು. ಜಾತಿ ಇಬ್ಬರಿಗೂ ಮೊದಲೇ ಗೊತ್ತಿರುವ ಸಂಗತಿ. ಜಾತಕ ಹಾಗಲ್ಲ. ಅದು ಪೆಟ್ಟಿಗೆಯಲ್ಲಿರುತ್ತದೆ, ಬೇಕಾದಾಗ ಹೊರಬರುತ್ತದೆ.

ಆದ್ದರಿಂದ ವಿಚಾರಣಾ ನ್ಯಾಯಾಲಯಗಳು ಕೇಳಬೇಕಾದದ್ದು ಕುಜ ಎಲ್ಲಿದ್ದಾನೆಂದಲ್ಲ, ಜಾತಕವನ್ನು ಯಾವ ದಿನ ಮೊದಲು ತೆಗೆದು ನೋಡಲಾಯಿತು ಎಂದು. ಮಾತುಕತೆಯ ಆರಂಭದಲ್ಲೇ ಎರಡೂ ಕಡೆಯವರು ಮುಕ್ತವಾಗಿ ಜಾತಕ ತೋರಿಸಿ, ಹೊಂದದೆ ಸಂಬಂಧ ಕೈಬಿಟ್ಟಿದ್ದರೆ ಅದು ಒಂದು ಬಗೆ. ವರ್ಷಗಟ್ಟಲೆ ಒಡನಾಟದ ಬಳಿಕ, ದೂರು ದಾಖಲಾದ ಮೇಲೆ ದೋಷ ನೆನಪಾದರೆ ಅದು ಇನ್ನೊಂದು. ಮನೆಯವರು ಜಾತಕ ಕೂಡದೆ ಒಪ್ಪುವುದಿಲ್ಲವೆಂದು ಮೊದಲಿನಿಂದಲೂ ತಿಳಿದಿದ್ದು ಅದನ್ನು ಮರೆಮಾಚಿದ್ದರೆ, ಅದೇ ಜಾತಕ ಆರೋಪಿಯ ವಿರುದ್ಧದ ಸಾಕ್ಷ್ಯವೂ ಆಗಬಹುದು. ಬಾಂಬೆ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಜಾತಕ ಹೊಂದಲಿಲ್ಲವೆಂಬ ನೆಪವನ್ನು ಒಪ್ಪದೆ, ಆರೋಪಿಯನ್ನು ಪ್ರಕರಣದಿಂದ ಕೈಬಿಡಲು ನಿರಾಕರಿಸಿದ್ದನ್ನು ಇಲ್ಲಿ ನೆನೆಯಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ, ಈಡೇರಿಸುವ ಉದ್ದೇಶವಿಲ್ಲದೆ ಮದುವೆಯ ಭರವಸೆ ನೀಡಿ ದೈಹಿಕ ಸಂಪರ್ಕ ಬೆಳೆಸುವುದನ್ನು ಪ್ರತ್ಯೇಕ ಅಪರಾಧವನ್ನಾಗಿಸಿದೆ. ಹತ್ತು ವರ್ಷಗಳವರೆಗೆ ಶಿಕ್ಷೆಗೆ ಅವಕಾಶವಿದೆ. ಮೊಕದ್ದಮೆಯೆಲ್ಲ ಈಗ ‘ಉದ್ದೇಶ’ ಎಂಬ ಒಂದು ಪದದ ಮೇಲೆ ನಿಲ್ಲುವುದರಿಂದ, ಕುಜನ ಹೆಸರು ವಕೀಲರ ವಾದದಲ್ಲಿ ಮತ್ತೆ ಕೇಳಿಬಂದರೆ ಆಶ್ಚರ್ಯವಿಲ್ಲ. ಲಖನೌ ಆದೇಶಕ್ಕೆ ಬಿದ್ದದ್ದು ತಡೆ ಮಾತ್ರ. ಇಂತಹ ಪ್ರಕರಣಗಳಲ್ಲಿ ಜಾತಕಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಬಗ್ಗೆ ಅಂದಿನ ತಡೆಯಾಜ್ಞೆಯಲ್ಲಿ ವಿಸ್ತಾರವಾದ ಮಾರ್ಗದರ್ಶನವೇನೂ ಇರಲಿಲ್ಲ.