ಹಲಿಗೆ ಎಲ್ಲರ ಕೈಗೂ ಬರಲಿ



ಈ ಸಲದ ಗಣರಾಜ್ಯೋತ್ಸವದ ದಿನ ನಮ್ಮ ಶಾಲೆಯ ಅಂಗಳದಲ್ಲಿ ನಡೆದದ್ದು ನಿಮಗೆಲ್ಲ ನೆನಪಿರಬಹುದು. ಆರು ಡೊಳ್ಳು, ನಾಲ್ಕು ಹಲಿಗೆ, ಎರಡು ಜೊತೆ ತಾಳ. ಬಾವುಟ ಏರಿದ ಮೇಲೆ ನಮ್ಮ ಹುಡುಗರು ಬಾರಿಸಲು ಶುರು ಮಾಡಿದರು. ಒಂದು ನಿಮಿಷ ಚೆನ್ನಾಗಿತ್ತು. ಆಮೇಲೆ ಡೊಳ್ಳಿನವರು ಮುಂದಕ್ಕೆ ಓಡಿದರು, ಹಲಿಗೆಯವರು ಹಿಂದೆ ಉಳಿದರು. ತಾಳದವರಿಗೆ ಯಾರ ಹಿಂದೆ ಹೋಗಬೇಕೋ ತಿಳಿಯಲಿಲ್ಲ. ಕೊನೆಗೆ ಒಬ್ಬೊಬ್ಬರಾಗಿ ನಿಲ್ಲಿಸಿಬಿಟ್ಟರು. ಊರವರು ನಕ್ಕರು, ನಾವೂ ನಕ್ಕೆವು. "ಈ ಹುಡುಗ್ರಿಗೆ ಬರಂಗಿಲ್ಲ ಬಿಡ್ರಿ" ಅಂತ ಹಿರಿಯರೊಬ್ಬರು ಅಂದರು.

ಬರುವುದಿಲ್ಲ ಅನ್ನುವುದು ಸುಳ್ಳು. ನಮಗೆ ಯಾರೂ ಕಲಿಸಿಲ್ಲ ಅನ್ನುವುದು ನಿಜ. ಮಗ್ಗಿ ಕಲಿಯಲಿಕ್ಕೆ ವರ್ಷಗಟ್ಟಲೆ ಬೇಕು. ಹಾಗಿರುವಾಗ ನಾಲ್ಕು ದಿನ ಮುಂಚೆ ಡೊಳ್ಳು ತಂದು ಹೆಗಲಿಗೆ ಹಾಕಿದರೆ ಹನ್ನೆರಡು ಮಂದಿ ಕೂಡಿ ಬಾರಿಸುವುದು ಹೇಗೆ ಬಂದೀತು?

ನಮ್ಮ ಸೀಮೆಯಲ್ಲಿ ಚರ್ಮವಾದ್ಯಕ್ಕೆ ಬರಗಾಲವಿಲ್ಲ. ಕೊಟ್ಟೂರು ಗುರುಬಸವೇಶ್ವರ ಸ್ವಾಮಿಯ ತೇರಿಗೆ ಹೋದರೆ ಸಮಾಳ, ನಂದಿಕೋಲು. ಬೀರಪ್ಪನ ಗುಡಿ ಇದ್ದಲ್ಲಿ ಡೊಳ್ಳು. ಮೊಹರಂ ಬಂದರೆ ಅಲಾಯಿ ಕುಣಿತಕ್ಕೆ ಹಲಿಗೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನ ಡಮರುಗ. ಹರಪನಹಳ್ಳಿ ಕಡೆ ಉಚ್ಚಂಗಿದುರ್ಗಕ್ಕೆ ಹೋದರೆ ಜೋಗತಿಯರ ಚೌಡಿಕೆ. ಇಷ್ಟು ಸದ್ದಿನ ನಡುವೆ ಹುಟ್ಟಿ ಬೆಳೆದ ನಾವು ಶಾಲೆಯೊಳಗೆ ಬಂದ ಕೂಡಲೇ ಅದನ್ನೆಲ್ಲ ಗೇಟಿನ ಹೊರಗೆ ಚಪ್ಪಲಿ ಬಿಟ್ಟಂಗೆ ಬಿಟ್ಟು ಬರುತ್ತೇವೆ.

ಆದರೆ ಅವತ್ತು ಕೆಟ್ಟದ್ದು ತಾಳ ಒಂದೇ ಅಲ್ಲ. ವಾದ್ಯ ಹಂಚುವಾಗ ನಿನಗೆ ಯಾವುದು ಬೇಕು ಅಂತ ಯಾರನ್ನೂ ಕೇಳಲಿಲ್ಲ. ಬೀರಪ್ಪನ ಒಕ್ಕಲಿನ ಹುಡುಗರಿಗೆ ಡೊಳ್ಳು ಕೊಟ್ಟರು. ಕೇರಿಯ ಹುಡುಗರಿಗೆ ಹಲಿಗೆ ಕೊಟ್ಟರು. ಹುಡುಗಿಯರಾದ ನಮಗೆ ಕಳಸ ಹಿಡಿಸಿ ಬಾಗಿಲಲ್ಲಿ ನಿಲ್ಲಿಸಿದರು. ನಮ್ಮ ತರಗತಿಯ ಒಬ್ಬ ಗೆಳೆಯ ಮಾತ್ರ ಹಲಿಗೆ ಮುಟ್ಟಲಿಲ್ಲ. "ನಾ ಬಾರಿಸಂಗಿಲ್ಲ" ಅಂದವನೇ ಕಾಂಪೌಂಡ್ ಗೋಡೆ ಹತ್ತಿರ ಹೋಗಿ ನಿಂತ. ಅವನಿಗೆ ಸೊಕ್ಕು ಅಂತ ಎಲ್ಲರೂ ಅಂದರು. ನಾನೂ ಅಂದೆ.

ಒಂದು ವಾರ ಆದ ಮೇಲೆ ಅವನೇ ಹೇಳಿದ. "ನಮ್ಮಪ್ಪ ಹೆಣದ ಮುಂದೂ ಬಾರಿಸ್ತಾನ, ದೇವರ ಮುಂದೂ ಬಾರಿಸ್ತಾನ. ಗುಡಿ ಒಳಗೆ ಮಾತ್ರ ಯಾರೂ ಕರೆಯಂಗಿಲ್ಲ. ಸಾಲ್ಯಾಗೂ ಹಲಿಗೆ ನನಗೇ ಯಾಕ? ನನಗ ಡೊಳ್ಳು ಕೊಡ್ರಿ, ಹಲಿಗೆ ನೀ ಹಿಡಿ ನೋಡೋಣು."

ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಹೋಗಿ "ಅವ್ವಾ, ನಾನು ಹಲಿಗೆ ಕಲೀಲಾ?" ಅಂತ ಕೇಳಿದೆ. "ನೋಡಿದವ್ರು ಏನಂದಾರು" ಅಂದಳು ಅವ್ವ. ಗೆಳೆಯನಿಗೆ ಸೊಕ್ಕು ಇರಲಿಲ್ಲ ಅನ್ನುವುದು ಆಗ ನನಗೆ ಗೊತ್ತಾಯಿತು. ಒಂದೇ ವಾದ್ಯ ಅವನ ಕೈಯಲ್ಲಿ ಇರಲೇಬೇಕಂತೆ, ನನ್ನ ಕೈಯಲ್ಲಿ ಇರಬಾರದಂತೆ. ಇದು ಯಾವ ನ್ಯಾಯ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ನಮ್ಮ ಶಾಲೆಯಲ್ಲಿ ಡೊಳ್ಳು ಹಲಿಗೆಯ ಮೇಳವನ್ನು ಎಲ್ಲರಿಗೂ ಕಲಿಸಬೇಕು. ಎಲ್ಲರೂ ಎಲ್ಲಾ ವಾದ್ಯಗಳನ್ನೂ ಸರದಿಯ ಮೇಲೆ ಹಿಡಿಯಬೇಕು. ಗಂಡು ಹೆಣ್ಣು, ಆ ಕೇರಿ ಈ ಓಣಿ ಅನ್ನಬಾರದು.

ಕಲಿಸುವುದು ಹೇಗೆ? ನಮ್ಮೂರಿನಲ್ಲಿ ಹಲಿಗೆ ಬಾರಿಸುವ ಅಜ್ಜನನ್ನು ಕೇಳಿದೆ. "ನನಗ ಮೊದಲ ಕೋಲೇ ಕೊಟ್ಟಿದ್ದಿಲ್ಲವ್ವ. ಬಾಯಿಲೆ ಅನ್ನಿಸಿದ್ರು, ಕಾಲಿಲೆ ನಡೆಸಿದ್ರು" ಅಂತ ಹೇಳಿದ. ಅವನು ಹೇಳಿದ್ದನ್ನೂ ನಾವು ಅವತ್ತು ಮಾಡಿದ ತಪ್ಪುಗಳನ್ನೂ ಸೇರಿಸಿ ಕೆಳಗೆ ಬರೆದಿದ್ದೇನೆ.

ಒಂದು: ಮೊದಲು ಹೆಜ್ಜೆ. ಎಲ್ಲರೂ ವೃತ್ತದಲ್ಲಿ ನಿಂತು ಎಡ ಬಲ, ಎಡ ಬಲ ಅಂತ ನಿಂತಲ್ಲೇ ಹೆಜ್ಜೆ ಹಾಕಬೇಕು. ಕಾಲು ಒಂದಾಗದೆ ಕೈ ಒಂದಾಗುವುದಿಲ್ಲ.

ಎರಡು: ಬಾಯಿ. "ಡಣ್ ಡಣ್ ಡಣಕು" ಅಂತ ಎಲ್ಲರೂ ಒಟ್ಟಿಗೆ ಅನ್ನಬೇಕು. ಬಾಯಲ್ಲಿ ತಪ್ಪಿದವನು ಕೈಯಲ್ಲೂ ತಪ್ಪುತ್ತಾನೆ. ಬಾಯಿಗೆ ಬಂದದ್ದನ್ನು ಆಮೇಲೆ ತೊಡೆಯ ಮೇಲೆ, ಹಲಗೆಯ ಮೇಲೆ, ಖಾಲಿ ಎಣ್ಣೆ ಡಬ್ಬಿಯ ಮೇಲೆ ಬಾರಿಸಬೇಕು. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಮೂರು: ವಾದ್ಯ. ಡೊಳ್ಳಿನ ಒಂದು ಮುಖಕ್ಕೆ ಕೋಲು, ಇನ್ನೊಂದು ಮುಖಕ್ಕೆ ಅಂಗೈ. ಹಲಿಗೆಗೆ ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ಸಣ್ಣ ಕಡ್ಡಿ. ಎರಡು ಕೈಯ ಕೆಲಸವೂ ಬೇರೆ ಬೇರೆ. ಅದಕ್ಕೇ ಒಂದೊಂದು ಕೈಯನ್ನು ಬೇರೆಯಾಗಿ ರೂಢಿ ಮಾಡಿಸಿ ಆಮೇಲೆ ಕೂಡಿಸಬೇಕು. ಹಲಿಗೆಯನ್ನು ಬಾರಿಸುವ ಮುಂಚೆ ಬೆಂಕಿಗೆ ಕಾಯಿಸುತ್ತಾರಲ್ಲ, ಅದು ಯಾಕೆ ಅನ್ನುವುದನ್ನೂ ಹೇಳಿಕೊಡಬೇಕು. ತಂಪಿಗೆ ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ, ಕಾಸಿದರೆ ಬಿಗಿಯಾಗಿ ಕಂಚಿನಂಗೆ ನುಡಿಯುತ್ತದೆ. ಇದು ನಮ್ಮ ವಿಜ್ಞಾನದ ಪಾಠವೂ ಹೌದು.

ನಾಲ್ಕು: ಎರಡು ಗುಂಪು. ಒಂದು ಗುಂಪು ಒಂದೇ ಸರಳ ಪೆಟ್ಟನ್ನು ಬಿಡದೆ ಹಿಡಿದಿರಬೇಕು, ಇನ್ನೊಂದು ಗುಂಪು ಅದರ ಮೇಲೆ ಬೇರೆ ಪೆಟ್ಟು ಹಾಕಬೇಕು. ಹೊಸಬರಿಗೆ ಹುರುಪು ಬಂದ ಕೂಡಲೇ ಕೈ ಓಡುತ್ತದೆ. ನಮ್ಮ ಡೊಳ್ಳಿನವರಿಗೆ ಆದದ್ದೂ ಅದೇ. ಸರಳ ಪೆಟ್ಟು ಹಿಡಿದವರು ಗಟ್ಟಿ ಇದ್ದರೆ ಓಡುವವರು ತಿರುಗಿ ಬರುತ್ತಾರೆ. ಈ ಕೆಲಸ ಕಡಿಮೆಯದು ಅಂತ ಯಾರೂ ತಿಳಿಯಬಾರದು. ಮನೆ ಕಟ್ಟುವಾಗ ಬುನಾದಿ ಯಾರಿಗೂ ಕಾಣುವುದಿಲ್ಲ. ವಾರಕ್ಕೊಮ್ಮೆ ಗುಂಪು ಅದಲು ಬದಲಾಗಬೇಕು.

ಐದು: ನಿಲ್ಲಿಸುವುದು. ಇದೇ ಎಲ್ಲಕ್ಕಿಂತ ಕಷ್ಟ. ಮೈಲಾರದ ಕಾರಣಿಕಕ್ಕೆ ಹೋದವರಿಗೆ ಗೊತ್ತು. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಗಪ್ಪಾಗುತ್ತದೆ. ಎಲ್ಲರ ಕಿವಿಯೂ ಒಂದೇ ಕಡೆ ಇದ್ದರೆ ಮಾತ್ರ ಹಾಗೆ ಆಗಲು ಸಾಧ್ಯ. ಮೇಳದಲ್ಲೂ ಹಾಗೆಯೇ. ತನ್ನ ಕೈಯ ಸದ್ದಿಗಿಂತ ಪಕ್ಕದವನ ಸದ್ದು ಹೆಚ್ಚು ಕೇಳಿಸಿಕೊಂಡವನೇ ಸರಿಯಾಗಿ ನಿಲ್ಲಿಸುತ್ತಾನೆ.

ಇದಕ್ಕೆ ಆಕ್ಷೇಪಣೆ ಮಾಡುವವರು ಇದ್ದಾರೆ. ಪರೀಕ್ಷೆ ಹತ್ತಿರ ಬಂತು, ಓದು ಹಾಳಾಗುತ್ತದೆ ಅನ್ನುತ್ತಾರೆ. ನಾನು ಕೇಳುತ್ತಿರುವುದು ಶನಿವಾರದ ಕೊನೆಯ ಒಂದು ಪೀರಿಯಡ್ ಮಾತ್ರ. ಹುಡುಗಿಯರಿಗೆ ಡೊಳ್ಳಿನ ಭಾರ ತಡೆಯದು ಅನ್ನುತ್ತಾರೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಹೆಣ್ಣುಮಕ್ಕಳದೇ ಡೊಳ್ಳಿನ ತಂಡಗಳಿವೆ. ಎರಡು ಕೊಡ ನೀರು ಹೊತ್ತು ಬರುವ ನಮಗೆ ಡೊಳ್ಳು ಭಾರವೇ?

ಇನ್ನೊಂದು ಮಾತನ್ನು ಮಾತ್ರ ನಾನು ಹಗುರವಾಗಿ ತಳ್ಳಿಹಾಕಲಾರೆ. ಹಲಿಗೆಯನ್ನು ಬಲವಂತದಿಂದ ಕಟ್ಟಿದ್ದಾರೆ, ಅದನ್ನು ಬಿಟ್ಟರೇ ಮರ್ಯಾದೆ ಅನ್ನುವವರು ಕೇರಿಯಲ್ಲೇ ಇದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಆದರೆ ೧೯೭೦ರ ದಶಕದಲ್ಲಿ ಹುಟ್ಟಿದ ದಲಿತ ಸಂಘರ್ಷ ಸಮಿತಿಯ ಹೋರಾಟಗಳಲ್ಲಿ ಹಾಡಿನ ಜೊತೆಗೆ ಇದ್ದದ್ದೂ ಇದೇ ವಾದ್ಯ. ಆ ಸಮಿತಿಯನ್ನು ಕಟ್ಟಿದ ಬಿ. ಕೃಷ್ಣಪ್ಪನವರು ನಮ್ಮ ಹರಪನಹಳ್ಳಿಗೆ ಹತ್ತಿರದ ಹರಿಹರದವರು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ೨೦೨೩ರಲ್ಲಿ ಪದ್ಮಶ್ರೀ ಬಂದದ್ದು ತಮಟೆ ಬಾರಿಸಿದ್ದಕ್ಕೇ. ಆ ಕಡೆ ತಮಟೆ ಅನ್ನುವುದನ್ನೇ ನಾವು ಹಲಿಗೆ ಅನ್ನುತ್ತೇವೆ. ವಾದ್ಯದಲ್ಲಿ ಕೀಳು ಇಲ್ಲ, ಅದನ್ನು ಒಬ್ಬರಿಗೇ ಕಟ್ಟಿ ಉಳಿದವರು ದೂರ ನಿಂತದ್ದು ಕೀಳು. ಎಲ್ಲರೂ ಹಿಡಿದರೆ ಆ ಗಂಟು ಬಿಚ್ಚುತ್ತದೆ. ಹಿಡಿಯಲು ಮನಸ್ಸಿಲ್ಲದವರಿಗೆ ಯಾರೂ ಒತ್ತಾಯ ಮಾಡಬಾರದು. ಅದೂ ಅಷ್ಟೇ ಮುಖ್ಯ.

ಗುರುಗಳಲ್ಲಿ ನನ್ನ ವಿನಂತಿ. ಆ ಅಜ್ಜನನ್ನು ಶಾಲೆಗೆ ಕರೆಸಿರಿ. ಅಂಗಳದ ಮೂಲೆಯಲ್ಲಿ ನಿಲ್ಲಿಸದೆ ನೀವು ಕೂರುವ ಕುರ್ಚಿಯಂಥದೇ ಕುರ್ಚಿ ಕೊಡಿರಿ. ಕೈಬೀಸಿ ಕಳಿಸದೆ, ಶಾಲಾ ಸಮಿತಿಯವರನ್ನು ಕೇಳಿ ಗೌರವಧನ ಕೊಡಿಸಿರಿ. ನಾವು ಅವನನ್ನೂ "ಸರ್" ಅನ್ನುತ್ತೇವೆ.

ನನ್ನ ಗೆಳೆಯನಿಗೆ ಈ ಲೇಖನ ತೋರಿಸಿದೆ. ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬರುವ ಆಗಸ್ಟ್ ೧೫ಕ್ಕೆ ತಾನೂ ಮೇಳದಲ್ಲಿ ಇರುತ್ತೇನೆ ಅಂದ. ಅವನದು ಒಂದೇ ಷರತ್ತು, ವಾದ್ಯಗಳನ್ನು ಚೀಟಿ ಎತ್ತಿ ಹಂಚಬೇಕು.

ಚೀಟಿಯಲ್ಲಿ ನನಗೆ ಹಲಿಗೆ ಬಂದರೆ ನಾನು ಹಿಡಿಯುತ್ತೇನೆ. ಅವ್ವನಿಗೂ ಹೇಳಿದ್ದೇನೆ. ನೀವು ಹಿಡಿಯುತ್ತೀರಾ? ಕೆಳಗೆ ಖಾಲಿ ಹಾಳೆ ಅಂಟಿಸಿದೆ, ನಿಮ್ಮ ಅಭಿಪ್ರಾಯ ಬರೆಯಿರಿ. ಹೆಸರು ಹಾಕಿ ಬರೆಯಿರಿ.

— ೯ನೇ ತರಗತಿಯ ವಿದ್ಯಾರ್ಥಿನಿ